ಲಕ್ಷಗಟ್ಟಲೆ ಮಾರಾಟವಾಗಿ ಮರೆತುಹೋದ ರಾಕ್ ಅಂಡ್ ರೋಲ್ ತಟ್ಟೆಗಳು

1958ರ ಆಗಸ್ಟ್ ಕೊನೆಯ ವಾರ ಅಮೆರಿಕದ ನಂಬರ್ ಒನ್ ಹಾಡು ‘ಲಿಟಲ್ ಸ್ಟಾರ್’. ಹಾಡಿದ್ದು ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್‌ನ ಹುಡುಗರ ತಂಡ ದಿ ಎಲಿಗಂಟ್ಸ್, ಲೇಬಲ್ಲಿನ, ಅಂದರೆ ತಟ್ಟೆ ತಂದ ಕಂಪನಿಯ, ಹೆಸರು ಆಪ್ಟ್. ಅದಾದ ಮೇಲೆ ಆ ತಂಡದ ಇನ್ನೊಂದು ಹಾಡು ದೇಶದ ವಾರದ ಹಿಟ್‌ಗಳ ಹಾಟ್ 100 ಪಟ್ಟಿಯ ನೂರನೇ ಸ್ಥಾನಕ್ಕೂ ಬರಲಿಲ್ಲ. ಎಲ್ವಿಸ್, ಚಕ್ ಬೆರ್ರಿ, ಬಡ್ಡಿ ಹಾಲಿ ಇವರ ಹೆಸರು ರಾಕ್ ಸಂಗೀತದ ಗಂಧಗಾಳಿ ಇಲ್ಲದವರಿಗೂ ಗೊತ್ತು. ಅದೇ ವಾರ, ಅದೇ ಅಂಗಡಿಯ ಅದೇ ಕಟ್ಟೆಯ ಮೇಲೆ ಅವರಷ್ಟೇ ಬಿರುಸಾಗಿ ಮಾರಾಟವಾದ ನೂರಾರು ಗ್ರಾಮಫೋನ್ ತಟ್ಟೆಗಳನ್ನು ಈಗ ಕೇಳುವವರಿಲ್ಲ. ಸುಮಾರು 1954ರಿಂದ 1963ರವರೆಗಿನ ಕಾಲ ಇಂಥವುಗಳಿಂದ ತುಂಬಿಹೋಗಿದೆ.

ಒಂದು ವಿಷಯ ಮೊದಲೇ ಸ್ಪಷ್ಟವಾಗಲಿ. ಇವು ಅಪರೂಪದ ವಸ್ತುಗಳಲ್ಲ. ಹಿಟ್ ಆದ ಹಾಡು ಎಂದರೆ ಲಕ್ಷಗಟ್ಟಲೆ ಅಚ್ಚಾದ ಹಾಡು, ಹಾಗಾಗಿ ಅಮೆರಿಕದ ಹಳೆ ಸಾಮಾನಿನ ಅಂಗಡಿಗಳಲ್ಲಿ ಇಂದಿಗೂ ಚಿಲ್ಲರೆ ಕಾಸಿಗೆ ಸಿಗುತ್ತವೆ. ಕಷ್ಟ ಇರುವುದು ಬೇರೆ ಕಡೆ. ಫೋನಿನಲ್ಲಿ ಹಾಡಿನ ಹೆಸರು ಹೊಡೆದು ಕೇಳಿದರೆ ಬರುವುದು ಎಷ್ಟೋ ಸಲ 1958ರ ಜನ ಕೇಳಿದ ಹಾಡೇ ಅಲ್ಲ.

ಕಾರಣ ಸರಳ. ಆ ಕಾಲದ ಹಿಟ್‌ಗಳಲ್ಲಿ ದೊಡ್ಡ ಪಾಲು ಸಣ್ಣ ಕಂಪನಿಗಳದ್ದು. ಮೂಲ ಟೇಪಿನ ಹಕ್ಕು ಹಾಡಿದವರಿಗಿರಲಿಲ್ಲ. ಕಂಪನಿ ಮುಚ್ಚಿತು, ಟೇಪು ಕೈಬದಲಾಯಿತು. ಮುಂದೆ ಅಗ್ಗದ ಸಂಕಲನ ತರುವವರು ಮೂಲದ ಹಕ್ಕಿಗೆ ಹಣ ಕೊಡುವ ಬದಲು ಅದೇ ಗಾಯಕರನ್ನು ಕರೆಸಿ, ಹೊಸ ವಾದ್ಯದವರನ್ನು ಕೂರಿಸಿ, ಮತ್ತೆ ಹಾಡಿಸಿದರು. ಗಾಯಕ ಅವನೇ, ಹಾಡು ಅದೇ, ಆದ್ದರಿಂದ ಹೆಸರಿನಲ್ಲಿ ಸುಳ್ಳಿಲ್ಲ. ಆದರೆ ದನಿಗೆ ವಯಸ್ಸಾಗಿದೆ, ಡ್ರಮ್ಮು ಬೇರೆ, ಕೋಣೆ ಬೇರೆ. ಸ್ಟ್ರೀಮಿಂಗ್ ತಾಣಗಳಲ್ಲಿ ಮೂಲವೂ ಮರುಧ್ವನಿಮುದ್ರಣವೂ ಒಂದೇ ಚಿತ್ರ ಹೊತ್ತು ಅಕ್ಕಪಕ್ಕ ಕೂತಿರುತ್ತವೆ.

ಪತ್ತೆ ಹಚ್ಚಲು ಕೆಲವು ಗುರುತುಗಳಿವೆ. 1956ರ ಸಿಂಗಲ್ (ಬದಿಗೊಂದೇ ಹಾಡಿನ ತಟ್ಟೆ) ಎನ್ನುವುದರಲ್ಲಿ ಡ್ರಮ್ ಎಡಕ್ಕೆ, ಗಿಟಾರ್ ಬಲಕ್ಕೆ ಅಗಲವಾಗಿ ಹರಡಿ ಕೇಳಿದರೆ ಅನುಮಾನಪಡಿ. ಆಗಿನ ಸಿಂಗಲ್‌ಗಳು ಮೋನೊ, ಎಡ ಬಲ ಎರಡಕ್ಕೂ ಒಂದೇ ಸದ್ದು. ಸ್ಟೀರಿಯೊ ತಟ್ಟೆ ಅಮೆರಿಕದ ಮಾರುಕಟ್ಟೆಗೆ ಬಂದದ್ದೇ 1958ರಲ್ಲಿ, ಅದೂ ಹೆಚ್ಚಾಗಿ ಹಲವು ಹಾಡುಗಳ ದೊಡ್ಡ ತಟ್ಟೆಗಳಾದ ಎಲ್‌ಪಿಗಳಲ್ಲಿ. ಬೇಸ್ ಗಿಟಾರ್ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳಿದರೂ ಅನುಮಾನಪಡಿ. ಹಾಡಿನ ಅವಧಿಯನ್ನು ಹಳೆಯ ತಟ್ಟೆಯ ಅವಧಿಯೊಂದಿಗೆ ಹೋಲಿಸಿ. ಹತ್ತು ಸೆಕೆಂಡಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಬಹುಮಟ್ಟಿಗೆ ಅದು ಬೇರೆಯೇ ಮುದ್ರಣ. ಲೇಬಲ್ಲಿನ ಮೇಲೆ ಅಚ್ಚಾದ ಅವಧಿಯನ್ನು ಮಾತ್ರ ಕಣ್ಣುಮುಚ್ಚಿ ನಂಬಬಾರದು. 1964ರಲ್ಲಿ ನಿರ್ಮಾಪಕ ಫಿಲ್ ಸ್ಪೆಕ್ಟರ್ ರೈಟಿಯಸ್ ಬ್ರದರ್ಸ್‌ರ ಮೂರು ಮುಕ್ಕಾಲು ನಿಮಿಷದ ಹಾಡಿಗೆ 3:05 ಎಂದು ಬೇಕೆಂದೇ ಅಚ್ಚು ಹಾಕಿಸಿದ, ಉದ್ದದ ಹಾಡೆಂದು ರೇಡಿಯೊದವರು ಬದಿಗಿಡಬಾರದೆಂದು!

ಯುರೋಪಿನಿಂದ ಬರುವ ‘ನೂರು ಹಿಟ್‌ಗಳ’ ಸಿಡಿ ಪೆಟ್ಟಿಗೆಗಳ ಹಿಂದೆ ಕಾನೂನಿನ ಕಥೆಯಿದೆ. ಅಲ್ಲಿ ಧ್ವನಿಮುದ್ರಣದ ಹಕ್ಕು 50 ವರ್ಷ ಇತ್ತು. 2013ರಲ್ಲಿ ಅದನ್ನು 70ಕ್ಕೆ ಏರಿಸಿದರೂ ಅಷ್ಟರೊಳಗೆ ಅವಧಿ ಮುಗಿದುಹೋಗಿದ್ದವಕ್ಕೆ ಹಕ್ಕು ಮರಳಿ ಬರಲಿಲ್ಲ. ಹೀಗಾಗಿ 1962ರ ಕೊನೆಯವರೆಗೆ ಹೊರಬಂದ ತಟ್ಟೆಗಳು ಅಲ್ಲಿ ಯಾರು ಬೇಕಾದರೂ ಅಚ್ಚು ಹಾಕಬಹುದಾದ ಸರಕು. ಕೆಲವರು ಶ್ರದ್ಧೆಯಿಂದ ಮಾಡುತ್ತಾರೆ. ಬಹಳ ಮಂದಿ ಸವೆದ ತಟ್ಟೆಯಿಂದಲೋ ಇನ್ನೊಬ್ಬರ ಸಿಡಿಯಿಂದಲೋ ಎತ್ತಿ, ಗೀರುಸದ್ದು ತೆಗೆಯುವ ಭರದಲ್ಲಿ ಸಿಂಬಲ್‌ನ ಝೇಂಕಾರವನ್ನೂ ಒರೆಸಿ ಕಳಿಸುತ್ತಾರೆ. ಸಿಡಿಯನ್ನೇ ಕೊಳ್ಳುವುದಾದರೆ ಜರ್ಮನಿಯ ಬೇರ್ ಫ್ಯಾಮಿಲಿ, ಇಂಗ್ಲೆಂಡಿನ ಏಸ್ ಇವೆರಡನ್ನು ಮೊದಲು ನೋಡಿ. ಪರವಾನಗಿ ಪಡೆದು, ಸಿಕ್ಕಲ್ಲೆಲ್ಲ ಮೂಲ ಟೇಪಿಗೇ ಹೋಗುತ್ತಾರೆ. ದುಡ್ಡು ಹೆಚ್ಚಾಗುತ್ತದೆ, ಕೊಡಬೇಕಾದ ದುಡ್ಡೇ.

ಇನ್ನು ಮರೆತ ಹಾಡನ್ನು ಹುಡುಕುವುದೆಲ್ಲಿ? ಪಟ್ಟಿಗಳ ನಡುಭಾಗದಲ್ಲಿ. ಬಿಲ್‌ಬೋರ್ಡ್ ಪತ್ರಿಕೆಯ ಹಾಟ್ 100 ಶುರುವಾದದ್ದು 1958ರ ಆಗಸ್ಟ್ 4ರಂದು. ಅದಕ್ಕೂ ಮುಂಚೆ ಅಂಗಡಿ ಮಾರಾಟಕ್ಕೊಂದು, ರೇಡಿಯೊಗೊಂದು, ಕಾಸು ಹಾಕಿದರೆ ಹಾಡುವ ಜ್ಯೂಕ್‌ಬಾಕ್ಸಿಗೊಂದು ಬೇರೆ ಬೇರೆ ಪಟ್ಟಿಗಳಿದ್ದವು. 1959ರ ಜೂನ್‌ನಿಂದ ‘ಬಬ್ಲಿಂಗ್ ಅಂಡರ್’ ಎಂಬ ಪಟ್ಟಿಯೂ ಸೇರಿತು, ನೂರರೊಳಗೆ ಬರಲು ತವಕಿಸುತ್ತಿದ್ದ ಹಾಡುಗಳದು. ಹಳೆಯ ಸಂಚಿಕೆಗಳ ಸ್ಕ್ಯಾನ್ ಗೂಗಲ್ ಬುಕ್ಸ್‌ನಲ್ಲೂ ವರ್ಲ್ಡ್ ರೇಡಿಯೊ ಹಿಸ್ಟರಿ ತಾಣದಲ್ಲೂ ಉಚಿತವಾಗಿ ಸಿಗುತ್ತವೆ. ಯಾವುದಾದರೂ ಒಂದು ವಾರ ತೆರೆದು ಮೊದಲ ಹತ್ತನ್ನು ಬಿಟ್ಟುಬಿಡಿ. 30ರಿಂದ 70ರವರೆಗೆ ಓದಿ, ಹಾಡಿನ ಹೆಸರಿಗಿಂತ ಲೇಬಲ್ಲಿನ ಹೆಸರಿನ ಮೇಲೆ ಕಣ್ಣಿಡಿ. ಕೊಲಂಬಿಯಾ, ಡೆಕ್ಕಾ, ಕ್ಯಾಪಿಟಲ್‌ಗಳ ನಡುವೆ ಕೇಳಿರದ ಕಂಪನಿಯೊಂದು ನುಸುಳಿದ್ದರೆ ಅದನ್ನು ಗುರುತು ಹಾಕಿಕೊಳ್ಳಿ. ದೊಡ್ಡ ಕಂಪನಿಯ ಹಣಬಲವಿಲ್ಲದೆ ಅಲ್ಲಿಯವರೆಗೆ ಬಂದ ಹಾಡಿನಲ್ಲಿ ಏನಾದರೂ ಇದ್ದೇ ಇರುತ್ತದೆ.

ಪೈಪೋಟಿಯ ಕ್ಯಾಶ್ ಬಾಕ್ಸ್ ಪತ್ರಿಕೆ ಒಂದೇ ಹಾಡಿನ ಬೇರೆ ಬೇರೆ ಗಾಯಕರ ಮುದ್ರಣಗಳನ್ನು ಒಟ್ಟಿಗೆ ಸೇರಿಸಿ ಎಣಿಸುತ್ತಿತ್ತು. ಮಾರಾಟದ ಲೆಕ್ಕಕ್ಕೆ ಅದು ಗೊಂದಲ, ಹುಡುಕುವವರಿಗೆ ಅನುಕೂಲ: ಒಂದು ಹೆಸರಿನ ಕೆಳಗೆ ನಾಲ್ಕು ತಂಡಗಳು ಸಿಗುತ್ತವೆ, ಅದರಲ್ಲೊಂದು ಮೂಲ. ಇನ್ನೂ ಆಳಕ್ಕಿಳಿಯುವವರು ಊರೂರಿನ ರೇಡಿಯೊ ಕೇಂದ್ರಗಳು ಹಂಚುತ್ತಿದ್ದ, ತಮ್ಮೂರಿನ ಹಿಟ್ ಪಟ್ಟಿಯ ವಾರದ ಚೀಟಿಗಳನ್ನು ನೋಡಬೇಕು. ಒಂದು ಊರಿನಲ್ಲಿ ಮೊದಲ ಐದರಲ್ಲಿದ್ದು ರಾಷ್ಟ್ರೀಯ ಪಟ್ಟಿಯಲ್ಲಿ ಹೆಸರೇ ಇಲ್ಲದ ಹಾಡು ಕಂಡರೆ ಬೇಟೆ ಸಿಕ್ಕಿತೆಂದೇ ಅರ್ಥ.

ತಟ್ಟೆ ಕೈಗೆ ಬಂದ ಮೇಲೆ ಹಿಂಬದಿಯನ್ನು ತಪ್ಪದೆ ಕೇಳಿ. 1954ರಲ್ಲಿ ದಿ ಕಾರ್ಡ್ಸ್ ಎಂಬ ಕಪ್ಪು ಗಾಯಕರ ತಂಡದ ‘ಶ್-ಬೂಮ್’ ಅಟ್ಲಾಂಟಿಕ್‌ನ ಉಪಲೇಬಲ್ ಕ್ಯಾಟ್‌ನಲ್ಲಿ ಬಂದಾಗ ಕಂಪನಿ ಮುಂದಿಟ್ಟದ್ದು ಇನ್ನೊಂದು ಬದಿಯನ್ನು, ಪ್ಯಾಟಿ ಪೇಜ್ ಹಾಡಿ ಹೆಸರಾಗಿದ್ದ ‘ಕ್ರಾಸ್ ಓವರ್ ದ ಬ್ರಿಜ್’ ಅನ್ನು. ಹಿಂಬದಿ ಗೆದ್ದಿತು. ಕೂಡಲೇ ಆ ಬದಿ ತೆಗೆದು ‘ಲಿಟಲ್ ಮೇಡನ್’ ಹಾಕಿದರು. ಹಾಗಾಗಿ ಹಿಂದೆ ಯಾವ ಹಾಡಿದೆ ಎಂದು ನೋಡಿದರೇ ಸಾಕು, ಪ್ರತಿ ಮೊದಲ ಮುದ್ರಣದ್ದೋ ನಂತರದ್ದೋ ತಿಳಿಯುತ್ತದೆ. ಅಷ್ಟರಲ್ಲಿ ಮರ್ಕ್ಯುರಿ ಕಂಪನಿ ಕ್ರೂ-ಕಟ್ಸ್ ಎಂಬ ಬಿಳಿಯ ತಂಡದಿಂದ ಅದೇ ಹಾಡನ್ನು ಹಾಡಿಸಿತ್ತು, ಅದು ವಾರಗಟ್ಟಲೆ ನಂಬರ್ ಒನ್ ಆಗಿತ್ತು. ಎರಡನ್ನೂ ಬೆನ್ನುಬೆನ್ನಿಗೆ ಕೇಳಿದರೆ ಆ ಕಾಲದ ಸಂಗೀತ ವ್ಯಾಪಾರ ಮತ್ತು ವರ್ಣಭೇದದ ಬಗ್ಗೆ ಬೇರೆ ವಿವರಣೆ ಬೇಕಾಗುವುದಿಲ್ಲ. 1958ರ ‘ಟಕೀಲಾ’ ಕೂಡ ಹಿಂಬದಿಯೇ. ಮುಂದಿನ ಬದಿ ‘ಟ್ರೇನ್ ಟು ನೋವೇರ್’, ಹೆಸರಿಗೆ ತಕ್ಕಂತೆ ಎಲ್ಲಿಗೂ ಹೋಗಲಿಲ್ಲ.

ಸಣ್ಣ ಕಂಪನಿಯಿಂದ ದೊಡ್ಡ ಕಂಪನಿಗೆ ಗುತ್ತಿಗೆ ಹೋಗುವುದು ಆಗಿನ ಮಾಮೂಲು ದಾರಿ. ನ್ಯೂ ಮೆಕ್ಸಿಕೊದ ಕ್ಲೋವಿಸ್‌ನಲ್ಲಿ ನಾರ್ಮನ್ ಪೆಟ್ಟಿಯ ಸ್ಟುಡಿಯೊದಲ್ಲಿ ಮುದ್ರಿಸಿದ ಬಡ್ಡಿ ನಾಕ್ಸ್‌ನ ‘ಪಾರ್ಟಿ ಡಾಲ್’ ಮೊದಲು ಟ್ರಿಪಲ್-ಡಿ ಎಂಬ ಪುಟ್ಟ ಲೇಬಲ್ಲಿನಲ್ಲಿ ಬಂತು, ಬೆನ್ನಿಗೆ ಜಿಮ್ಮಿ ಬೋವೆನ್‌ನ ಹಾಡು. ನ್ಯೂಯಾರ್ಕಿನ ರೂಲೆಟ್ ಕಂಪನಿ ಕೊಂಡುಕೊಂಡು ಎರಡೂ ಬದಿಗಳನ್ನು ಬೇರ್ಪಡಿಸಿ ಎರಡು ತಟ್ಟೆ ಮಾಡಿತು. 1957ರಲ್ಲಿ ಎರಡೂ ಹಿಟ್. ಲೂಸಿಯಾನಾದ ಲೇಕ್ ಚಾರ್ಲ್ಸ್‌ನ ಜಾರ್ಜ್ ಖೂರಿ ತನ್ನದೇ ಹೆಸರಿನ ಲೇಬಲ್ಲಿನಲ್ಲಿ ತಂದ ಫಿಲ್ ಫಿಲಿಪ್ಸ್‌ನ ‘ಸೀ ಆಫ್ ಲವ್’ 1959ರಲ್ಲಿ ಮರ್ಕ್ಯುರಿಗೆ ಹೋಗಿ ಎರಡನೇ ಸ್ಥಾನ ಮುಟ್ಟಿತು. ಸಂಗ್ರಾಹಕರು ಮೊದಲ ಪುಟ್ಟ ಲೇಬಲ್ಲಿಗೆ ಮುಗಿಬೀಳುತ್ತಾರೆ, ಬೆಲೆ ಹತ್ತಾರು ಪಟ್ಟು. ಕೇಳುವುದಕ್ಕಾಗಿಯೇ ಕೊಳ್ಳುವವರು ದೊಡ್ಡ ಲೇಬಲ್ಲಿನ ಪ್ರತಿಯನ್ನೇ ತೆಗೆದುಕೊಳ್ಳುವುದು ಜಾಣತನ.

ಪ್ರತಿ ಅಸಲಿಯೋ ಮರುಮುದ್ರಣವೋ ಎಂಬುದನ್ನು ಲೇಬಲ್ ಮತ್ತು ಡೆಡ್ ವ್ಯಾಕ್ಸ್ ಎರಡೂ ಹೇಳುತ್ತವೆ. ಗೆರೆ ಮುಗಿದ ಮೇಲೆ ಲೇಬಲ್ಲಿನವರೆಗಿನ ನುಣುಪು ಪಟ್ಟಿಯೇ ಡೆಡ್ ವ್ಯಾಕ್ಸ್. ಅಮೆರಿಕದ ತಟ್ಟೆಯ ಲೇಬಲ್ಲಿನ ಮೇಲೆ ವೃತ್ತದೊಳಗೆ ‘ಪಿ’ ಅಕ್ಷರದ ಗುರುತಿದ್ದರೆ ಆ ಪ್ರತಿ 1971ಕ್ಕಿಂತ ಹಿಂದಿನದಲ್ಲ, ಅಲ್ಲಿ ಆ ಚಿಹ್ನೆ ಬಳಕೆಗೆ ಬಂದದ್ದೇ ಆಗ. ಕಂಪನಿಯ ವಿಳಾಸದಲ್ಲಿ ಐದಂಕಿಯ ಪಿನ್ ಇದ್ದರೆ 1963ರ ಜುಲೈ ನಂತರದ್ದು, ಅಮೆರಿಕದ ಜಿಪ್ ಕೋಡ್ ಆಗ ಶುರುವಾಯಿತು. ಡೆಡ್ ವ್ಯಾಕ್ಸ್ ಓದಲು ಫೋನಿನ ಟಾರ್ಚನ್ನು ತೀರಾ ಓರೆಯಾಗಿ ಹಿಡಿದು ಹತ್ತು ಪಟ್ಟಿನ ಭೂತಗನ್ನಡಿ ಬಳಸಿ. ಆರ್‌ಸಿಎ ತಟ್ಟೆಗಳಲ್ಲಿ ಅಲ್ಲಿ ಕೆತ್ತಿದ ಮ್ಯಾಟ್ರಿಕ್ಸ್ ಸಂಖ್ಯೆಯ ಮೊದಲ ಅಕ್ಷರವೇ ವರ್ಷ: ಎಫ್ ಎಂದರೆ 1955, ಜಿ 1956, ಎಚ್ 1957, ‘ಐ’ ಬಿಟ್ಟು ಜೆ 1958, ಕೆ 1959. ವೃತ್ತದೊಳಗೆ ಎಂ-ಆರ್ ಮತ್ತು ಸಣ್ಣ ತ್ರಿಕೋನದ ಮುಂದೆ ಸಂಖ್ಯೆ ಇದ್ದರೆ ಲಾಸ್ ಏಂಜಲೀಸ್‌ನ ಮೊನಾರ್ಕ್ ಕಾರ್ಖಾನೆಯ ಅಚ್ಚು. ಮೆಂಫಿಸ್‌ನಲ್ಲೇ ಅಚ್ಚಾದ ಸನ್ ಕಂಪನಿಯ 45ಗಳ, ಅಂದರೆ ನಿಮಿಷಕ್ಕೆ 45 ಸುತ್ತು ತಿರುಗುವ ಸಣ್ಣ ತಟ್ಟೆಗಳ, ಲೇಬಲ್ಲಿನ ಮೇಲೆ ಮೂರು ದುಂಡನೆಯ ತಗ್ಗುಗಳಿರುತ್ತವೆ. ನಕಲಿಗಳಲ್ಲಿ ಅವು ಸಾಮಾನ್ಯವಾಗಿ ಇರುವುದಿಲ್ಲ. ಹಾಗೆಂದು ತಗ್ಗಿಲ್ಲದ್ದೆಲ್ಲ ನಕಲಿಯಲ್ಲ, ಮೊನಾರ್ಕ್‌ನಲ್ಲಿ ಅಚ್ಚಾದ ಸನ್ ತಟ್ಟೆಗಳಲ್ಲಿ ತ್ರಿಕೋನದ ಸಂಖ್ಯೆ ಹುಡುಕಿ. ಲೇಬಲ್ಲಿನ ಚಿತ್ರ, ಸಂಖ್ಯೆಗಳನ್ನು ಹೋಲಿಸಲು ಡಿಸ್ಕಾಗ್ಸ್ ಮತ್ತು 45ಕ್ಯಾಟ್ ತಾಣಗಳು ಸಾಕು.

ಕೊಳ್ಳುವಾಗ ಗುಣಮಟ್ಟದ ಗುರುತುಗಳನ್ನು ಹೀಗೆ ಓದಿ: ‘ನಿಯರ್ ಮಿಂಟ್’ (ಹೆಚ್ಚುಕಡಿಮೆ ಹೊಸದು) ಬೆಲೆ ನೂರಾದರೆ ‘ವೆರಿ ಗುಡ್ ಪ್ಲಸ್’ ಐವತ್ತು, ‘ವೆರಿ ಗುಡ್’ ಇಪ್ಪತ್ತೈದು. ಹೆಸರು ಮರುಳು ಮಾಡುತ್ತದೆ, ‘ವೆರಿ ಗುಡ್’ ತಟ್ಟೆ ಉದ್ದಕ್ಕೂ ಸದ್ದು ಮಾಡುತ್ತದೆ. ಸಾಮಾನ್ಯ ಹಿಟ್‌ಗಳಿಗೆ ಪ್ಲಸ್‌ಗಿಂತ ಕೆಳಗೆ ಇಳಿಯಬೇಡಿ, ಇನ್ನೊಂದು ಪ್ರತಿ ಬಂದೇ ಬರುತ್ತದೆ. ಕಣ್ಣಿಂದ ನೋಡಿ ಕೊಟ್ಟ ದರ್ಜೆಯೋ ಹಾಕಿ ಕೇಳಿ ಕೊಟ್ಟದ್ದೋ ಎಂದು ಮಾರುವವರನ್ನು ಕೇಳಿ. ಸ್ಟೈರೀನ್ ತಟ್ಟೆಗಳಲ್ಲಂತೂ ಈ ಪ್ರಶ್ನೆ ಕಡ್ಡಾಯ.

ಈ ಸ್ಟೈರೀನ್ ವಿಷಯ ಸ್ವಲ್ಪ ವಿವರವಾಗಿಯೇ ತಿಳಿದಿರಬೇಕು. ಎಲ್ಲ 45ಗಳೂ ವಿನೈಲ್ ಅಲ್ಲ. ಕೊಲಂಬಿಯಾದಂಥ ಕಂಪನಿಗಳ ಮತ್ತು ಮೊನಾರ್ಕ್‌ನಂಥ ಕಾರ್ಖಾನೆಗಳ ಬಹಳಷ್ಟು ತಟ್ಟೆಗಳು ಪಾಲಿಸ್ಟೈರೀನ್, ಕರಗಿಸಿ ಅಚ್ಚಿಗೆ ಚುಚ್ಚಿ ಮಾಡಿದವು. ಉಗುರಿನಿಂದ ತಟ್ಟಿದರೆ ವಿನೈಲ್ ಮಂದವಾಗಿ, ಸ್ಟೈರೀನ್ ಟಿಣ್ ಎಂದು ಹೆಚ್ಚಿನ ಸ್ವರದಲ್ಲಿ ಸದ್ದು ಮಾಡುತ್ತದೆ. ಬಗ್ಗಿಸಿದರೆ ಬಗ್ಗದು. ಹೆಚ್ಚು ಬಗ್ಗಿಸಲು ಹೋಗಬೇಡಿ, ಲಟ್ಟನೆ ಮುರಿಯುತ್ತದೆ. ವಿನೈಲ್‌ನಲ್ಲಿ ಕಾಗದದ ಲೇಬಲ್ ತಟ್ಟೆಯೊಂದಿಗೇ ಒತ್ತಿ ಬೆಸೆದಿರುತ್ತದೆ, ಸ್ಟೈರೀನ್‌ನಲ್ಲಿ ಆಮೇಲೆ ಅಂಟಿಸಿದ್ದು. ಹೊಸದಾಗಿದ್ದಾಗ ಇದರ ದನಿ ಚೆನ್ನ. ಸವೆದ ಮುಳ್ಳು ಒಂದು ಸಲ ಹರಿದರೆ ಗೆರೆಯ ಗೋಡೆ ಪುಡಿಯಾಗಿ, ಹಾಡಿನ ಉದ್ದಕ್ಕೂ ಸ್ಸ್ ಎಂಬ ಸದ್ದು ಕೂತುಬಿಡುತ್ತದೆ. ಅದು ಕೊಳೆಯಲ್ಲ, ತೊಳೆದರೆ ಹೋಗುವುದಿಲ್ಲ. ರೇಡಿಯೊದವರು ಹಾಡಿನ ಆರಂಭ ಹಿಡಿಯಲು ತಟ್ಟೆಯನ್ನು ಹಿಂದೆ ಮುಂದೆ ಆಡಿಸುತ್ತಿದ್ದ ಕಾರಣ ಮೊದಲ ಕೆಲವು ಸೆಕೆಂಡು ಮಾತ್ರ ಸುಟ್ಟಂತಿರುವ ಪ್ರತಿಗಳೂ ಬರುತ್ತವೆ.

ಮುಳ್ಳಿನ ಆಯ್ಕೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಮೊದಲ ಕಾಲದ ಮೋನೊ 45ಗಳ ಗೆರೆ 1 ಮಿಲ್, ಅಂದರೆ ಸುಮಾರು 25 ಮೈಕ್ರಾನ್ ತುದಿಯ ದುಂಡು ಮುಳ್ಳಿಗೆಂದು ಕೊರೆದದ್ದು. ಈಗಿನ ಸ್ಟೀರಿಯೊ ದುಂಡು ಮುಳ್ಳು 0.7 ಮಿಲ್ ಅಥವಾ ಅದಕ್ಕಿಂತ ಸಣ್ಣದು, ಇನ್ನೂ ಆಳಕ್ಕೆ ಇಳಿಯುತ್ತದೆ. ಇದರಿಂದ ಲಾಭವೂ ಇದೆ, ನಷ್ಟವೂ ಇದೆ. ಆಗಿನ ಅಗ್ಗದ ಪ್ಲೇಯರ್‌ಗಳ ಭಾರದ ಮುಳ್ಳು ಗೆರೆಯನ್ನು ಯಾವ ಎತ್ತರದಲ್ಲಿ ತಿಂದಿದೆಯೋ ಆ ಜಾಗ ತಪ್ಪಿಸಿ ಹೋಗುವ ಮುಳ್ಳೇ ಆ ತಟ್ಟೆಗೆ ಸರಿಯಾದದ್ದು. ದುಂಡು 1 ಮಿಲ್ ಒಂದು, ಅಂಡಾಕಾರದ್ದು ಒಂದು ಇಟ್ಟುಕೊಂಡು ಎರಡರಲ್ಲೂ ಕೇಳಿ ನೋಡಿ. ಸ್ಟೈರೀನ್‌ಗೆ ಮಾತ್ರ ದುಂಡು ಮುಳ್ಳೇ ಇರಲಿ, ಅದೂ ಸವೆಯದ್ದು.

ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಬಗೆಯ ತಟ್ಟೆಗೆ, ಅಂದರೆ 78ಕ್ಕೆ, ಇವು ಯಾವುವೂ ನಡೆಯುವುದಿಲ್ಲ. ಅದರ ಗೆರೆಗೆ 3 ಮಿಲ್, ಅಂದರೆ 75 ಮೈಕ್ರಾನ್ ಮುಳ್ಳು ಬೇಕು. ಸಣ್ಣ ಮುಳ್ಳು ಗೆರೆಯ ತಳದ ಕಸದಲ್ಲಿ ಒದ್ದಾಡುತ್ತದೆ, ಕೇಳಿಸುವುದು ಬರೀ ಕರಕರ. ಸೂಟ್‌ಕೇಸ್ ಮಾದರಿಯ ಅಗ್ಗದ ಪ್ಲೇಯರ್‌ಗಳಲ್ಲಿ 78 ಎಂಬ ಗುಂಡಿ ಇರುತ್ತದೆ, 78ರ ಮುಳ್ಳು ಇರುವುದಿಲ್ಲ. ಇಂಥ ಯಂತ್ರ ಹಳೆಯ 45ಕ್ಕೂ ಕೆಟ್ಟದ್ದೇ, ಮುಳ್ಳಿನ ಭಾರ ಸುಮಾರು 5 ಗ್ರಾಂ ಇರುತ್ತದೆ. ಚೆನ್ನಾದ ಮ್ಯಾಗ್ನೆಟಿಕ್ ಕಾರ್ಟ್ರಿಡ್ಜ್‌ಗೆ 2 ಗ್ರಾಂ ಆಸುಪಾಸು ಸಾಕು.

ಮನೆಯಲ್ಲಿ ಅಜ್ಜನ ಕಾಲದ ಕೀಲಿ ಕೊಡುವ ಗ್ರಾಮಫೋನ್ ಇದೆ, ಅದರಲ್ಲಿ ರಾಕ್ ಅಂಡ್ ರೋಲ್ 78 ಹಾಕಿದರೇನು ಎಂದು ಕೇಳುವವರಿದ್ದಾರೆ. ಹಾಕಬೇಡಿ. ಅದರ ಸೌಂಡ್‌ಬಾಕ್ಸಿನ ಭಾರ ನೂರು ಗ್ರಾಂ ದಾಟುತ್ತದೆ. ಉಕ್ಕಿನ ಮುಳ್ಳನ್ನು ಪ್ರತಿ ಬದಿಗೂ ಬದಲಿಸಿದರೂ 1950ರ ದಶಕದ ಜೋರು ಕೊರೆತ ತಡೆಯುವುದಿಲ್ಲ. ಕೊನೆಯ ವರ್ಷಗಳ ಕೆಲವು ಅಮೆರಿಕನ್ 78ಗಳು ವಿನೈಲ್‌ನವು. ಅವು ಒಂದೇ ಸಲಕ್ಕೆ ಹಾಳು.

ಅಮೆರಿಕದಲ್ಲಿ 78ರ ಕಾಲ 1950ರ ದಶಕದ ಕೊನೆಗೆ ಮುಗಿಯಿತು. ನಮ್ಮಲ್ಲಿ ಮುಗಿಯಲಿಲ್ಲ. ಕಲ್ಕತ್ತೆಯ ಡಂಡಂ ಕಾರ್ಖಾನೆಯಲ್ಲಿ 1960ರ ದಶಕದ ನಡುವಿನವರೆಗೂ ಬೀಟಲ್ಸ್ ಹಾಡುಗಳನ್ನು ಪಾರ್ಲೋಫೋನ್ ಲೇಬಲ್ಲಿನ 78ಗಳಾಗಿ ಅಚ್ಚು ಹಾಕಿದರು. ಇಂದು ಜಗತ್ತಿನ ಸಂಗ್ರಾಹಕರು ಅವನ್ನು ಹುಡುಕಿಕೊಂಡು ಬರುತ್ತಾರೆ. ಅಂದಹಾಗೆ, ಈ ತಟ್ಟೆಗಳನ್ನು ಕಟ್ಟಿಹಿಡಿಯುವ ಶೆಲ್ಯಾಕ್ ನಮ್ಮ ಅರಗೇ, ಪಾಂಡವರಿಗೆ ಮನೆ ಕಟ್ಟಿಸಿದ ಅದೇ ಅರಗು. ಯುದ್ಧದಲ್ಲಿ ಭಾರತದಿಂದ ಅರಗಿನ ಸಾಗಣೆ ಕಷ್ಟವಾಗಿ, 1942ರಲ್ಲಿ ಅಮೆರಿಕ ಸರ್ಕಾರ ರೆಕಾರ್ಡು ಕಂಪನಿಗಳ ಬಳಕೆಗೆ ಕಡಿವಾಣ ಹಾಕಿತ್ತು. ಬೆಂಗಳೂರಿನ ಭಾನುವಾರದ ಗುಜರಿ ಸಂತೆಯಲ್ಲೋ, ಹಳೆಯ ಕಂಟೋನ್ಮೆಂಟ್ ಮನೆಗಳ ಅಟ್ಟದಲ್ಲೋ ಇಂಗ್ಲಿಷ್ 78 ಕಂಡರೆ ಲೇಬಲ್ಲಿನ ಸಂಖ್ಯೆ ನೋಡದೆ ಮುಂದೆ ಹೋಗಬೇಡಿ.

ಅಮೆರಿಕದಿಂದ ಹಳೆಯ ಟರ್ನ್‌ಟೇಬಲ್ ತರಿಸುವವರು ವೋಲ್ಟೇಜಿಗೆ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡು ಸುಮ್ಮನಾಗುತ್ತಾರೆ. ಅಲ್ಲಿಯ ವಿದ್ಯುತ್ 60 ಹರ್ಟ್ಸ್, ನಮ್ಮದು 50. ಎಸಿ ಮೋಟಾರಿನ ವೇಗ ಈ ಸಂಖ್ಯೆಗೆ ಕಟ್ಟುಬಿದ್ದದ್ದು. 45 ಇಲ್ಲಿ 37.5 ಆಗಿ ತಿರುಗುತ್ತದೆ, ಹಾಡು ಮೂರು ಅರೆಸ್ವರಕ್ಕಿಂತಲೂ ಕೆಳಗಿಳಿಯುತ್ತದೆ. ಟ್ರಾನ್ಸ್‌ಫಾರ್ಮರ್ ಇದನ್ನು ಸರಿಮಾಡದು, 50 ಹರ್ಟ್ಸ್‌ನ ಪುಲ್ಲಿ ಹಾಕಿಸಬೇಕು. ಕ್ವಾರ್ಟ್ಜ್ ನಿಯಂತ್ರಣದ ಡೈರೆಕ್ಟ್ ಡ್ರೈವ್ ಯಂತ್ರಗಳಿಗೆ ಈ ರಗಳೆ ಇಲ್ಲ. ವೇಗ ಪರೀಕ್ಷಿಸಲು ಸ್ಟ್ರೋಬ್ ಹಾಳೆ (ದೀಪದ ಬೆಳಕಿನಲ್ಲಿ ಅದರ ಗೆರೆಗಳು ನಿಂತಂತೆ ಕಂಡರೆ ವೇಗ ಸರಿ) ಕೊಳ್ಳುವಾಗಲೂ 50 ಹರ್ಟ್ಸ್‌ನದೇ ಇರಲಿ: ಎಲ್‌ಪಿಯ ವೇಗವಾದ 33⅓ಕ್ಕೆ ಅದರಲ್ಲಿ 180 ಗೆರೆ, ಅಮೆರಿಕದ ಹಾಳೆಯಲ್ಲಿ 216.

45ರ ನಡುವಿನ ತೂತು ಒಂದೂವರೆ ಇಂಚು. ತೂತು ಓರೆಯಾಗಿದ್ದರೆ ಪ್ರತಿ ಸುತ್ತಿಗೂ ದನಿ ತೇಲುತ್ತದೆ. ಆದರೆ ದೊಡ್ಡ ತೂತಿನಿಂದಲೇ ಪರಿಹಾರವೂ ಇದೆ. ತೂತಿಗೆ ತುಂಬುವ ಅಡಾಪ್ಟರ್ ತೆಗೆದು, ತಟ್ಟೆಯನ್ನು ಕೂದಲೆಳೆಯಷ್ಟು ಸರಿಸುತ್ತಾ ಹೋಗಿ, ಮುಳ್ಳಿನ ತೋಳು ಆಚೀಚೆ ಓಲಾಡುವುದು ನಿಂತ ಜಾಗದಲ್ಲಿ ಬಿಡಿ.

ತೊಳೆಯುವ ದ್ರವ ಮನೆಯಲ್ಲೇ ಮಾಡಬಹುದು. ವಿನೈಲ್‌ಗೆ 800 ಎಂಎಲ್ ಡಿಸ್ಟಿಲ್ಡ್ ನೀರು, 200 ಎಂಎಲ್ ಶುದ್ಧ ಐಸೊಪ್ರೊಪೈಲ್ ಆಲ್ಕೊಹಾಲ್, ಫೋಟೊ ತೊಳೆಯಲು ಬಳಸುವ ವೆಟಿಂಗ್ ಏಜೆಂಟ್ ಎರಡು ಮೂರು ಹನಿ. ಮೃದು ಬ್ರಷ್ಷಿನಿಂದ ಗೆರೆಯ ದಿಕ್ಕಿನಲ್ಲೇ ಉಜ್ಜಿ, ಬರೀ ಡಿಸ್ಟಿಲ್ಡ್ ನೀರಿನಲ್ಲಿ ಜಾಲಿಸಿ, ನಿಲ್ಲಿಸಿ ಒಣಗಿಸಿ. ಶೆಲ್ಯಾಕ್‌ಗೆ ಆಲ್ಕೊಹಾಲಿನ ಹನಿಯೂ ಸೋಕಬಾರದು, ಅರಗು ಅದರಲ್ಲಿ ಕರಗುತ್ತದೆ. ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ಸೋಪು ಸಾಕು, ನೆನೆಸಿಡದೆ ಬೇಗ ಒರೆಸಿ. ಸ್ಟೈರೀನ್‌ಗೂ ಆಲ್ಕೊಹಾಲ್ ಬಿಡುವುದೇ ಮೇಲು. ಲೇಬಲ್ ಒದ್ದೆಯಾಗದಿರಲಿ, ಅಂಟು ಬಿಟ್ಟುಕೊಂಡರೆ ಕಿತ್ತು ಬರುತ್ತದೆ. ಕೊಲ್ಲಿಯ ನಲವತ್ತು ಡಿಗ್ರಿಯಲ್ಲಿರುವ ಕನ್ನಡಿಗರ ಶತ್ರು ಬಿಸಿಲು. ಕಾರಿನೊಳಗೆ ಅರ್ಧ ಗಂಟೆ ಬಿಟ್ಟ ತಟ್ಟೆ ಹಪ್ಪಳವಾಗುತ್ತದೆ. ಕರಾವಳಿ ಮಲೆನಾಡಿನವರ ಶತ್ರು ಮಳೆಗಾಲದ ಬೂಷ್ಟು. ಕಾಗದದ ಹಳೆಯ ಹೊದಿಕೆ ತೆಗೆದು ಪಾಲಿಥೀನ್ ಒಳಹೊದಿಕೆ ಹಾಕಿ, ಪಿವಿಸಿ ಬೇಡ, ತಟ್ಟೆಗೆ ಅಂಟಿಕೊಳ್ಳುತ್ತದೆ. ನೆಟ್ಟಗೆ ನಿಲ್ಲಿಸಿ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಟ್ಟು, ಅದರ ಬಣ್ಣ ಬದಲಾದಾಗ ಬಿಸಿಮಾಡಿ ಮತ್ತೆ ಬಳಸಿ.

ಕಂಪ್ಯೂಟರಿಗೆ ಇಳಿಸುವಾಗ 24 ಬಿಟ್, 96 ಕಿಲೊಹರ್ಟ್ಸ್‌ನಲ್ಲಿ, ಮೋನೊ ತಟ್ಟೆಯನ್ನೂ ಸ್ಟೀರಿಯೊ ಆಗಿಯೇ ಮುದ್ರಿಸಿಕೊಳ್ಳಿ. ಅತಿ ಜೋರು ಜಾಗ ಮೈನಸ್ 6 ಡೆಸಿಬೆಲ್ ದಾಟದಿರಲಿ. ಎಡ ಬಲ ಕೂಡಿಸಿ ಮೋನೊ ಮಾಡಿದರೆ ಮುಳ್ಳಿನ ಮೇಲೆ-ಕೆಳಗಿನ ಅಲುಗಾಟದ ಸದ್ದು ಒಂದನ್ನೊಂದು ಹೊಡೆದುಹಾಕಿ ಹಾಡು ಶುಭ್ರವಾಗುತ್ತದೆ. ಗೆರೆಯ ಒಂದೇ ಗೋಡೆ ಸವೆದಿದ್ದರೆ ಕೂಡಿಸಬೇಡಿ, ಚೆನ್ನಾಗಿರುವ ಬದಿಯನ್ನಷ್ಟೇ ಇಟ್ಟುಕೊಳ್ಳಿ. 1954ರಲ್ಲಿ ಆರ್‌ಐಎಎ ಸಮೀಕರಣ (ಕೊರೆಯುವಾಗ ಮಂದ್ರ ತಗ್ಗಿಸಿ ತಾರ ಏರಿಸುವ ಒಂದೇ ಅಳತೆ) ರೂಢಿಗೆ ಬಂದ ಕಾರಣ ನಂತರದ ತಟ್ಟೆಗಳಿಗೆ ಸಾಮಾನ್ಯ ಫೋನೊ ಆಂಪ್ಲಿಫೈಯರ್ ಸಾಕು. ಗೀರುಸದ್ದು ತೆಗೆಯುವ ಮುಂಚಿನ ಹಸಿ ಕಡತವನ್ನು ಎಂದೂ ಅಳಿಸಬೇಡಿ. ಕಡತದ ಹೆಸರಿನಲ್ಲಿ ಲೇಬಲ್, ಸಂಖ್ಯೆ, ಮ್ಯಾಟ್ರಿಕ್ಸ್, ಬಳಸಿದ ಮುಳ್ಳು, ವೇಗ ಇಷ್ಟೂ ಇರಲಿ.

ಅದನ್ನು ಯೂಟ್ಯೂಬಿಗೆ ಹಾಕುವ ಮುನ್ನ ಎರಡು ದೇಶಗಳ ಲೆಕ್ಕ ನೋಡಬೇಕು. ಭಾರತದಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ, ಹಾಗಾಗಿ 1964ರವರೆಗಿನ ತಟ್ಟೆಗಳು 2025ರ ಜನವರಿ 1ಕ್ಕೆ ಮುಕ್ತವಾದವು. ಅಮೆರಿಕದಲ್ಲಿ 1957ರಿಂದ 1972ರ ಫೆಬ್ರುವರಿ 15ರೊಳಗಿನವಕ್ಕೆ 2067ರ ಫೆಬ್ರುವರಿ 15ರವರೆಗೂ ರಕ್ಷಣೆ ಇದೆ. ಹಾಡು ಬರೆದವರ, ಸ್ವರ ಹಾಕಿದವರ ಹಕ್ಕು ಇದರಿಂದ ಬೇರೆ. ನಮ್ಮಲ್ಲಿ ಅದು ಅವರ ಮರಣಾನಂತರ 60 ವರ್ಷ.